ತಟ್ಟೆಯಲ್ಲೊಂದು ಬಂದರು

ಗುರುವಾಯನಕೆರೆಯಿಂದ ಮಂಗಳೂರಿನ ದಕ್ಕೆಗೆ ಒಂದು ದಿನದ ರುಚಿ ಪ್ರವಾಸ. ಖರ್ಚಿಗೆ ಬಸ್ಸಿನ ದುಡ್ಡು, ಪಠ್ಯಪುಸ್ತಕಕ್ಕೆ ಊಟದ ತಟ್ಟೆ ಸಾಕು.

ಜಪಾನಿನ ಬಂದರು ಪಟ್ಟಣಗಳಿಗೆ ಹೋದ ಪ್ರವಾಸಿಗರು ಗುಡಿ, ಕೋಟೆಗಳನ್ನಷ್ಟೇ ನೋಡಿ ಮರಳುವುದಿಲ್ಲ. ಮಾರ್ಗದರ್ಶಿಯ ಹಿಂದೆ ಸಾಲಾಗಿ ನಡೆದು ಮೀನು ಮಾರುಕಟ್ಟೆ, ನೂಡಲ್ಸ್ ಅಂಗಡಿ, ಮಿಠಾಯಿ ಅಂಗಡಿಗಳನ್ನು ಹೊಕ್ಕು ಹೊರಬರುತ್ತಾರೆ. ಒಂದೊಂದು ಕಡೆ ಒಂದೊಂದು ತುತ್ತು, ಅದರೊಂದಿಗೆ ಒಂದೊಂದು ಕತೆ. ನಾಗಸಾಕಿಯಲ್ಲಿ ‘ಚಾಂಪೊನ್’ ಎಂಬ ನೂಡಲ್ಸ್ ಇದೆ. 1899ರಲ್ಲಿ ಅಲ್ಲಿನ ಚೀನೀ ಹೋಟೆಲೊಂದರ ಯಜಮಾನರು, ಊರು ಬಿಟ್ಟು ಓದಲು ಬಂದಿದ್ದ ಚೀನೀ ವಿದ್ಯಾರ್ಥಿಗಳಿಗೆ ಅಗ್ಗದಲ್ಲಿ ಹೊಟ್ಟೆ ತುಂಬಲಿ ಎಂದು ಮಾಡಿದ ಅಡುಗೆ ಅದು. ಆ ಬಡ ವಿದ್ಯಾರ್ಥಿಗಳ ಊಟ ಇಂದು ಇಡೀ ಊರಿನ ಹೆಮ್ಮೆ. ಯೊಕೊಸುಕಾ ಎಂಬ ನೌಕಾನೆಲೆಯ ಪಟ್ಟಣವಂತೂ ನಾವಿಕರು ಉಣ್ಣುತ್ತಿದ್ದ ಕರ್ರಿ-ಅನ್ನವನ್ನು ಮುಂದಿಟ್ಟುಕೊಂಡು 1999ರಲ್ಲಿ ತನ್ನನ್ನು ‘ಕರ್ರಿ ಪಟ್ಟಣ’ ಎಂದೇ ಸಾರಿಕೊಂಡಿತು.

ಇತ್ತ ನಮ್ಮಲ್ಲಿ? ಗುರುವಾಯನಕೆರೆ, ಬೆಳ್ತಂಗಡಿ, ಮೂಡುಬಿದಿರೆಗಳು ಈಗ ವಿದ್ಯೆಯ ಊರುಗಳು. ಬಯಲುಸೀಮೆಯಿಂದ ಓದಲು ಬರುವ ಮಕ್ಕಳು ಕುಚ್ಚಲಕ್ಕಿಯ ದಪ್ಪ ಅನ್ನವನ್ನು ಕಂಡು ಮುಖ ಸಿಂಡರಿಸುತ್ತಾರೆ. ಅದು ಸಹಜ, ಅವರ ನಾಲಿಗೆಗೆ ಅದು ಹೊಸತು. ಆದರೆ ಇಲ್ಲಿಯೇ ಹುಟ್ಟಿದ ಮಕ್ಕಳೂ ಬುತ್ತಿಯಲ್ಲಿ ಗಂಜಿ-ಚಟ್ನಿ ಇದ್ದರೆ ಮುಚ್ಚಳವನ್ನು ಅರ್ಧ ಮಾತ್ರ ತೆರೆದು ಉಣ್ಣುತ್ತಾರಲ್ಲ, ಅದು ಯೋಚಿಸಬೇಕಾದ ಸಂಗತಿ. ಬೇರೆಯವರು ಟಿಕೆಟ್ ಇಟ್ಟು ತೋರಿಸುವುದನ್ನು ನಾವು ಮುಚ್ಚಿಟ್ಟು ಉಣ್ಣುತ್ತಿದ್ದೇವೆ. ಈ ನಾಚಿಕೆ ಹೋಗಬೇಕಾದರೆ ಒಮ್ಮೆ ಬಂದರಿನವರೆಗೆ ಹೋಗಿಬರಬೇಕು.

ಕವಲುದಾರಿಯಿಂದ ಆರಂಭ

ಗುರುವಾಯನಕೆರೆ ಒಂದು ಕೂಡುದಾರಿ. ಒಂದು ದಾರಿ ಬೆಳ್ತಂಗಡಿ, ಉಜಿರೆ ದಾಟಿ ಚಾರ್ಮಾಡಿ ಘಾಟಿ ಹತ್ತುತ್ತದೆ. ಇನ್ನೊಂದು ಬಂಟ್ವಾಳದ ಮೇಲೆ ಮಂಗಳೂರಿಗೆ ಇಳಿಯುತ್ತದೆ. ವೇಣೂರು, ಕಾರ್ಕಳ, ಉಪ್ಪಿನಂಗಡಿ ಕಡೆಗೂ ಇಲ್ಲಿಂದ ರಸ್ತೆಗಳಿವೆ. ಘಟ್ಟದ ಮೇಲಿನ ಸರಕು ಕೆಳಗೆ, ಕಡಲಿನ ಸರಕು ಮೇಲೆ ಹೋಗುತ್ತಿದ್ದ ಕಾಲವನ್ನು ಈ ಊರುಗಳ ಹೆಸರುಗಳೇ ಹೇಳುತ್ತವೆ. ‘ಉಪ್ಪಿನಂಗಡಿ’ ಎಂಬ ಹೆಸರು ಕೇಳಿದೊಡನೆ ಉಪ್ಪಿನ ವ್ಯಾಪಾರ ನೆನಪಾಗದೆ ಇರದು. ಬಂಟ್ವಾಳವು ನೇತ್ರಾವತಿಯಲ್ಲಿ ದೋಣಿಗಳು ಬಂದು ನಿಲ್ಲುತ್ತಿದ್ದ ಪೇಟೆ. ದೋಣಿಯಿಂದ ಇಳಿದದ್ದು ಗಾಡಿ ಏರಿ ಘಟ್ಟ ಹತ್ತುತ್ತಿತ್ತು. ಗಾಡಿಯಲ್ಲಿ ಬಂದದ್ದು ದೋಣಿ ಏರಿ ಕಡಲು ಸೇರುತ್ತಿತ್ತು.

ನೇತ್ರಾವತಿ ಮತ್ತು ಫಲ್ಗುಣಿ ನದಿಗಳು ಕಡಲು ಸೇರುವ ಅಳಿವೆಯ ಬಳಿ ಮಂಗಳೂರಿನ ಹಳೆಯ ಬಂದರು ಇದೆ. 1342ರ ಸುಮಾರಿಗೆ ಇಲ್ಲಿಗೆ ಬಂದ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತ, ಪರ್ಶಿಯಾ ಮತ್ತು ಯೆಮೆನ್‌ಗಳ ವ್ಯಾಪಾರಿಗಳು ಇಳಿಯುವ ಊರು ಇದೆಂದೂ, ಇಲ್ಲಿ ಮೆಣಸು ಮತ್ತು ಶುಂಠಿ ಹೇರಳವೆಂದೂ ಬರೆದಿಟ್ಟಿದ್ದಾನೆ. ಅವನಿಗೂ ಸುಮಾರು 200 ವರ್ಷ ಮೊದಲು ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಮಂಗಳೂರಿನಲ್ಲಿ ನೆಲೆಸಿದ್ದ. ಅವನಿಗೆ ಏಡನ್ನಿನ ಗೆಳೆಯರು ಬರೆದ ಕಾಗದಗಳು ಈಜಿಪ್ಟಿನ ಕೈರೋದಲ್ಲಿ ಸಿಕ್ಕಿವೆ. ಇಲ್ಲಿಂದ ಮೆಣಸು, ಅಡಿಕೆ ಹೋದರೆ ಅಲ್ಲಿಂದ ಸಕ್ಕರೆ, ಒಣದ್ರಾಕ್ಷಿ, ಬರೆಯುವ ಕಾಗದ ಬರುತ್ತಿತ್ತು. ಅಮಿತಾವ್ ಘೋಷ್ ಅವರು 1992ರಲ್ಲಿ ಪ್ರಕಟಿಸಿದ ‘ಇನ್ ಆ್ಯನ್ ಆಂಟಿಕ್ ಲ್ಯಾಂಡ್’ ಪುಸ್ತಕದಲ್ಲಿ ಈ ಕತೆ ವಿವರವಾಗಿ ಬಂದಿದೆ.

ಮೆಣಸು ಎರಡಾದದ್ದು ಹೇಗೆ?

ಪ್ರವಾಸದ ಮೊದಲ ನಿಲುಗಡೆ ಬಂದರಿನ ದಿನಸಿ ಅಂಗಡಿ. ಅಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಬಹುದು. ಕರಾವಳಿಯಲ್ಲಿ ಕಾಳುಮೆಣಸಿಗೆ ‘ಒಳ್ಳೆ ಮೆಣಸು’ ಎನ್ನುತ್ತಾರೆ. ತುಳುವಿನಲ್ಲೂ ಅದು ‘ಎಡ್ಡೆ ಮುಂಚಿ’, ಎಂದರೆ ಒಳ್ಳೆಯ ಮುಂಚಿ. ಹಾಗಾದರೆ ಒಳ್ಳೆಯದಲ್ಲದ ಮೆಣಸು ಯಾವುದು?

ಉತ್ತರ ಪಕ್ಕದ ಗೋಣಿಯಲ್ಲೇ ಇದೆ: ಕೆಂಪು ಮೆಣಸಿನಕಾಯಿ. ಕಾಳುಮೆಣಸು ನಮ್ಮ ಪಶ್ಚಿಮ ಘಟ್ಟದ ಬಳ್ಳಿ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. 1498ರಲ್ಲಿ ವಾಸ್ಕೊ ಡ ಗಾಮ ಮೆಣಸನ್ನು ಹುಡುಕಿಕೊಂಡು ಕಲ್ಲಿಕೋಟೆಗೆ ಬಂದಾಗ ನಮ್ಮ ಯಾವ ಸಾರಿನಲ್ಲೂ ಮೆಣಸಿನಕಾಯಿ ಇರಲಿಲ್ಲ. ಮೆಣಸು ಒಯ್ಯಲು ಬಂದ ಪೋರ್ಚುಗೀಸರೇ ಮುಂದೆ ಮೆಣಸಿನಕಾಯಿಯನ್ನು ತಂದರು. ಹಿತ್ತಿಲಲ್ಲಿ ಸುಲಭವಾಗಿ ಬೆಳೆಯುವ, ಅಗ್ಗದ ಈ ಹೊಸ ಖಾರ ಮನೆಮನೆಯನ್ನು ಗೆದ್ದಿತು. ಹಳೆಯದರ ಹೆಸರನ್ನೂ ಕಿತ್ತುಕೊಂಡಿತು. ಪಾಪ, ಮನೆಯ ಯಜಮಾನನೇ ‘ಒಳ್ಳೆಯ’ ಎಂಬ ವಿಶೇಷಣ ಸೇರಿಸಿಕೊಂಡು ತನ್ನ ಗುರುತು ಹೇಳಬೇಕಾಯಿತು!

ಎರಡರ ಖಾರವೂ ಬೇರೆ. ಕಾಳುಮೆಣಸಿನಲ್ಲಿರುವುದು ಪೈಪರಿನ್, ಮೆಣಸಿನಕಾಯಿಯಲ್ಲಿರುವುದು ಕ್ಯಾಪ್ಸೈಸಿನ್. ಬಿಸಿಯನ್ನು ಗುರುತಿಸುವ ನರಗಳನ್ನೇ ಕ್ಯಾಪ್ಸೈಸಿನ್ ಕೆರಳಿಸುವುದರಿಂದ ನಾಲಿಗೆ ‘ಉರಿ’ ಎನ್ನುತ್ತದೆ. ಅದು ನೀರಿನಲ್ಲಿ ಕರಗದು, ಕೊಬ್ಬಿನಲ್ಲಿ ಕರಗುತ್ತದೆ. ಕೋಳಿಸಾರಿಗೆ ತೆಂಗಿನ ಹಾಲು ಬೆರೆಸುವ ಅಜ್ಜಿಗೆ ಈ ಸೂತ್ರ ಪುಸ್ತಕದಿಂದ ತಿಳಿದದ್ದಲ್ಲ. ಬಾಯಿ ಉರಿದಾಗ ನೀರಿಗಿಂತ ಮೊಸರು ಮೇಲು ಎಂಬುದನ್ನು ಮಕ್ಕಳೂ ಪರೀಕ್ಷಿಸಬಹುದು.

ಅಲ್ಲಿಂದ ಹಣ್ಣಿನ ಅಂಗಡಿಗೆ ನಡೆದರೆ ಪೋರ್ಚುಗೀಸ್ ಭಾಷೆಯ ಪಾಠವೇ ಆಗುತ್ತದೆ. ಅನಾನಸು ಎಂಬುದು ಅವರ ಹಡಗಿನಲ್ಲಿ ಬಂದ ಹೆಸರು. ಘಟ್ಟದ ಮೇಲಿನವರು ಸೀಬೆ ಎನ್ನುವುದನ್ನು ಕರಾವಳಿಯವರು ‘ಪೇರಳೆ’ ಎನ್ನುವುದು, ಆಲೂಗಡ್ಡೆಯನ್ನು ‘ಬಟಾಟೆ’ ಎನ್ನುವುದು ಅದೇ ಬಳುವಳಿ. ಪರಂಗಿ ಹಣ್ಣಂತೂ ತಾನು ಪರಂಗಿಯವರದು ಎಂದು ಬಾಯಿಬಿಟ್ಟು ಹೇಳುತ್ತದೆ. ಬ್ರೆಜಿಲ್ಲಿನ ಗೇರು ಇಲ್ಲಿನ ಮುರಕಲ್ಲಿನ ಗುಡ್ಡಗಳಲ್ಲಿ ಬೇರೂರಿ, ಸಾವಿರಾರು ಹೆಂಗಸರಿಗೆ ಕೆಲಸ ಕೊಟ್ಟ ಗೇರುಬೀಜದ ಉದ್ಯಮವಾಯಿತು.

ಇದೇ ಪೋರ್ಚುಗೀಸರು ಗೋವಾ, ಮಲಾಕ್ಕಗಳನ್ನು ದಾಟಿ 1543ರಲ್ಲಿ ಜಪಾನ್ ತಲುಪಿದರು. 1571ರಿಂದ ನಾಗಸಾಕಿ ಅವರ ವ್ಯಾಪಾರದ ಬಂದರಾಯಿತು. ಅಲ್ಲಿನ ‘ಕಸುತೆರಾ’ ಎಂಬ ಕೇಕು, ಹಿಟ್ಟಿನಲ್ಲಿ ಅದ್ದಿ ಕರಿದ ‘ತೆಂಪುರ’ ಎಂಬ ಬಜ್ಜಿ ಅವರಿಂದ ಕಲಿತವು. ರೊಟ್ಟಿಗೆ ಪೋರ್ಚುಗೀಸರು ಹೇಳುವ ಹೆಸರು ಜಪಾನಿನಲ್ಲಿ ‘ಪಾನ್’ ಆಯಿತು, ನಮ್ಮ ಪಶ್ಚಿಮ ಕರಾವಳಿಯಲ್ಲಿ ‘ಪಾವ್’ ಆಯಿತು. ಸಾವಿರಾರು ಮೈಲು ದೂರದ ಎರಡು ಬಂದರುಗಳು ಒಂದೇ ಶಬ್ದವನ್ನು ಜಗಿಯುತ್ತಿವೆ!

ದಕ್ಕೆಯ ಬೆಳಗು

ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಮೀನುಗಾರಿಕಾ ದಕ್ಕೆ ಕಾಲ್ನಡಿಗೆಯ ದೂರ. ಅಲ್ಲಿನ ಗದ್ದಲ ನೋಡಬೇಕಾದರೆ ಬೆಳಿಗ್ಗೆ ಬೇಗ ಹೋಗಬೇಕು. ದೋಣಿಗಳಿಂದ ಬುಟ್ಟಿಗಳು ಇಳಿಯುತ್ತವೆ, ಏಲಂ ಕೂಗು ಏರುತ್ತದೆ, ಮಂಜುಗಡ್ಡೆಯ ಪುಡಿ ಹಾರುತ್ತದೆ. ಏಲಂನಲ್ಲಿ ಕೊಂಡ ಮೀನನ್ನು ಹೊತ್ತು ಮಾರುವ ಮಹಿಳೆಯರ ಬಾಯಿಲೆಕ್ಕದ ವೇಗ ಕಂಡರೆ ಗಣಿತದ ವಿದ್ಯಾರ್ಥಿಗಳು ತಲೆಬಾಗಬೇಕು. ಸಸ್ಯಾಹಾರಿಗಳು ದೂರ ನಿಂತಾದರೂ ಇದನ್ನು ನೋಡಬೇಕು. ಇದು ತಿನ್ನುವವರ ಪಾಠ ಮಾತ್ರವಲ್ಲ.

ಹಳೆ ಬಂದರಿನಲ್ಲಿ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಲ್ಲು-ಮರಳು ಒಯ್ಯುವ ಮಂಜಿಗಳೂ ಕಾಣಸಿಗುತ್ತವೆ. ಲಕ್ಷದ್ವೀಪದ ಒಂದು ಭಾಗವಾದ ಅಮಿನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು ಎಂಬುದು ಇಂದಿನ ಎಷ್ಟೋ ಮಕ್ಕಳಿಗೆ ಗೊತ್ತಿಲ್ಲ. ಲಕ್ಷದ್ವೀಪದವರು ಒಂದು ಜಾತಿಯ ಸೂರೆ ಮೀನನ್ನು ಬೇಯಿಸಿ, ಹೊಗೆ ಹಾಕಿ, ಬಿಸಿಲಲ್ಲಿ ಒಣಗಿಸಿ ಮರದ ತುಂಡಿನಂತೆ ಗಟ್ಟಿ ಮಾಡುತ್ತಾರೆ. ಅದರ ಹೆಸರು ‘ಮಾಸ್’. ಜಪಾನೀಯರು ಅದೇ ಜಾತಿಯ ಮೀನನ್ನು ಅದೇ ರೀತಿ ಬೇಯಿಸಿ, ಹೊಗೆ ಹಾಕಿ, ಒಣಗಿಸಿ ‘ಕತ್ಸುಒಬುಶಿ’ ಮಾಡುತ್ತಾರೆ. ಅದನ್ನು ತುರಿದು ಹಾಕದೆ ಅವರ ಸಾರು ಕುದಿಯದು. ನೀರಿನ ಅಂಶ ತೆಗೆದರೆ ಕೊಳೆಸುವ ಜೀವಾಣುಗಳು ಬದುಕಲಾರವು ಎಂಬ ಸತ್ಯವನ್ನು ಎರಡೂ ಕಡೆಯ ಮೀನುಗಾರರು ಸೂಕ್ಷ್ಮದರ್ಶಕವಿಲ್ಲದೆ ಕಂಡುಕೊಂಡಿದ್ದರು.

ಮೀನುಸಾರಿಗೆ ಹುಳಿ ಏಕೆ? ಮೀನು ಹಳತಾದಂತೆ ಅದರಲ್ಲಿ ಟ್ರೈಮೀಥೈಲ್ ಅಮೀನ್ ಎಂಬ ಪ್ರತ್ಯಾಮ್ಲ ಹುಟ್ಟುತ್ತದೆ. ಮೂಗು ಮುಚ್ಚಿಸುವ ನಾತ ಅದರದೇ. ಹುಣಸೆ, ಬಿಂಬುಳಿ, ಪುನರ್ಪುಳಿಗಳ ಆಮ್ಲ ಅದನ್ನು ಲವಣವಾಗಿ ಮಾರ್ಪಡಿಸುತ್ತದೆ. ಲವಣ ಹಾರದು, ನಾತವೂ ಬಾರದು. ಹತ್ತನೆಯ ತರಗತಿಯ ‘ಆಮ್ಲ, ಪ್ರತ್ಯಾಮ್ಲ, ಲವಣ’ ಪಾಠವನ್ನು ಮಣ್ಣಿನ ಗಡಿಗೆಯೊಂದು ದಿನವೂ ಮಾಡಿ ತೋರಿಸುತ್ತಿದೆ.

ಆದರೆ ದಕ್ಕೆಯಲ್ಲಿ ಸಂತೋಷದ ಮಾತು ಮಾತ್ರ ಕೇಳಿಬರುವುದಿಲ್ಲ. ಬಡವರ ಮೀನು ಬೂತಾಯಿಯ ಕತೆ ಕೇಳಿ. ಮುಂಗಾರಿನ ಗಾಳಿ ಕಡಲಿನ ಮೇಲ್ಪದರದ ನೀರನ್ನು ದಡದಿಂದ ಆಚೆಗೆ ತಳ್ಳಿದಾಗ ಆಳದ ತಣ್ಣನೆಯ ನೀರು ಮೇಲೇಳುತ್ತದೆ. ಅದರೊಂದಿಗೆ ಬರುವ ಪೋಷಕಾಂಶಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಯ ಹೊಟ್ಟೆ ತುಂಬುವುದು ಅವುಗಳಿಂದ. ಕಡಲು ಬಿಸಿಯಾದರೆ, ಮರಿಗಳನ್ನೇ ಬಾಚಿ ಹಿಡಿದರೆ, ಈ ಲೆಕ್ಕ ತಪ್ಪುತ್ತದೆ. ನೆರೆಯ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದ ಬೂತಾಯಿ 2021ರಲ್ಲಿ ಕೇವಲ 3,300 ಟನ್ನಿನಷ್ಟಕ್ಕೆ ಇಳಿಯಿತು. ಮೀನಿಗೆ ರಾಜ್ಯದ ಗಡಿ ತಿಳಿಯದು. ಅದೇ ಕಡಲು ನಮ್ಮದೂ ಹೌದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳಿಗೆ ಇರುವ ನಿಷೇಧ ಮೀನುಗಳಿಗೆ ಮರಿಮಾಡಲು ಕೊಟ್ಟ ರಜೆ. ಆ ಮಳೆಗಾಲದಲ್ಲಿ ಒಣಮೀನು, ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಪತ್ರೊಡೆಗಳಿಂದ ಹೊಟ್ಟೆ ಹೊರೆಯುತ್ತಿದ್ದ ಹಿರಿಯರು ಕಡಲಿಗೆ ಬಿಡುವು ಕೊಡುವುದನ್ನು ಅಡುಗೆಯಲ್ಲೇ ಕಲಿತಿದ್ದರು.

ಕೆಂಪು ಅನ್ನ ಕಲಿಸಿದ ಪಾಠ

ಮಧ್ಯಾಹ್ನದ ಊಟಕ್ಕೆ ಕುಳಿತಾಗ ಬಡಿಸುವವರು ಕೇಳುತ್ತಾರೆ: ‘ಬೆಳ್ತಿಗೆಯೋ, ಕುಚ್ಚಲಕ್ಕಿಯೋ?’ ಬಿಳಿ ಅನ್ನ ದೊಡ್ಡಸ್ತಿಕೆಯದು, ಕುಚ್ಚಲಕ್ಕಿ ಹಳ್ಳಿಯದು ಎಂಬ ಭಾವನೆ ಹಲವರಲ್ಲಿದೆ. ಈ ದೊಡ್ಡಸ್ತಿಕೆಗೆ ಜಪಾನ್ ತೆತ್ತ ಬೆಲೆಯನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತಿಳಿಯಬೇಕು.

ಹತ್ತೊಂಬತ್ತನೆಯ ಶತಮಾನದಲ್ಲಿ ಜಪಾನಿನ ನೌಕಾಪಡೆಯಲ್ಲಿ ತೌಡು ಪೂರ್ತಿ ತೆಗೆದ ಬಿಳಿ ಅಕ್ಕಿಯ ಅನ್ನವೇ ನಾವಿಕರ ಮುಖ್ಯ ಆಹಾರವಾಗಿತ್ತು. ಊರಲ್ಲಿ ಬಾರ್ಲಿ, ಗೆಣಸು ತಿಂದು ಬೆಳೆದ ಹುಡುಗರಿಗೆ ಹೊಟ್ಟೆ ತುಂಬ ಬಿಳಿ ಅನ್ನ ಸಿಗುವುದೇ ಒಂದು ಆಕರ್ಷಣೆ. 1882–83ರಲ್ಲಿ ‘ರ್ಯೂಜೊ’ ಎಂಬ ಹಡಗು ನ್ಯೂಜಿಲೆಂಡ್, ದಕ್ಷಿಣ ಅಮೆರಿಕ, ಹವಾಯಿ ಸುತ್ತಿ ಬಂತು. ಅದರಲ್ಲಿದ್ದ 376 ಮಂದಿಯಲ್ಲಿ 169 ಮಂದಿ ಬೆರಿಬೆರಿ ರೋಗಕ್ಕೆ ತುತ್ತಾದರು. 25 ಮಂದಿ ಸತ್ತರು. ಕಾಲು ಜೋಮು ಹಿಡಿದು, ಮೈ ಊದಿ, ಕೊನೆಗೆ ಹೃದಯ ಸೋಲುವ ರೋಗ ಅದು.

ನೌಕಾಪಡೆಯ ವೈದ್ಯ ತಕಾಕಿ ಕನೆಹಿರೊ ಕಾರಣ ಊಟದಲ್ಲಿದೆ ಎಂದು ಶಂಕಿಸಿದ. 1884ರಲ್ಲಿ ‘ತ್ಸುಕುಬಾ’ ಎಂಬ ಇನ್ನೊಂದು ಹಡಗನ್ನು ಅದೇ ದಾರಿಯಲ್ಲಿ ಕಳುಹಿಸಿದ. ದಾರಿ ಒಂದೇ, ಊಟ ಮಾತ್ರ ಬೇರೆ. ಈ ಬಾರಿ ಬೆರಳೆಣಿಕೆಯ ಮಂದಿಗಷ್ಟೇ ರೋಗ ತಗಲಿತು. ಅದರಿಂದ ಒಬ್ಬನೂ ಸಾಯಲಿಲ್ಲ. ಒಂದನ್ನು ಮಾತ್ರ ಬದಲಿಸಿ ಉಳಿದದ್ದನ್ನು ಹಾಗೆಯೇ ಇಟ್ಟು ನೋಡುವುದು. ಪ್ರಯೋಗವೆಂದರೆ ಇದೇ ಅಲ್ಲವೇ? ಸ್ವಾರಸ್ಯವೆಂದರೆ ತಕಾಕಿ ಕೊಟ್ಟ ವಿವರಣೆ ಸರಿಯಿರಲಿಲ್ಲ. ಪ್ರೋಟೀನಿನ ಕೊರತೆಯೇ ಕಾರಣವೆಂದು ಆತ ತಿಳಿದಿದ್ದ. ಜಾವಾ ದ್ವೀಪದಲ್ಲಿ ಪಾಲಿಶ್ ಅಕ್ಕಿ ತಿಂದ ಕೋಳಿಗಳು ಇಂಥದೇ ರೋಗಕ್ಕೆ ತುತ್ತಾಗುವುದನ್ನು ಡಚ್ ವೈದ್ಯ ಐಕ್‌ಮನ್ ಗಮನಿಸಿದ ಬಳಿಕ, ತೌಡಿನಲ್ಲಿರುವ ಬಿ1 ಜೀವಸತ್ವದ ವಿಷಯ ಹಂತಹಂತವಾಗಿ ತಿಳಿಯಿತು. ಐಕ್‌ಮನ್‌ಗೆ 1929ರಲ್ಲಿ ನೊಬೆಲ್ ಬಹುಮಾನದ ಪಾಲು ಸಿಕ್ಕಿತು. ನೌಕಾಪಡೆ ಊಟ ಬದಲಿಸಿಕೊಂಡಿತು; ಬಿಳಿ ಅನ್ನವನ್ನೇ ನೆಚ್ಚಿದ ಭೂಸೇನೆ 1904–05ರ ರಷ್ಯಾ ಯುದ್ಧದಲ್ಲಿ ಸಾವಿರಾರು ಸೈನಿಕರನ್ನು ಬೆರಿಬೆರಿಗೆ ಬಲಿಕೊಟ್ಟಿತು.

ಈಗ ನಮ್ಮ ಕುಚ್ಚಲಕ್ಕಿಯನ್ನು ನೋಡಿ. ಭತ್ತವನ್ನು ಸಿಪ್ಪೆ ಸಮೇತ ನೆನೆಸಿ ಬೇಯಿಸಿದಾಗ, ನೀರಿನಲ್ಲಿ ಕರಗುವ ಬಿ1 ಜೀವಸತ್ವ ಹೊರಪದರದಿಂದ ಕಾಳಿನ ಒಳಕ್ಕೆ ಇಳಿಯುತ್ತದೆ. ಬಳಿಕ ಒಣಗಿಸಿ ಮಿಲ್ಲಿಗೆ ಹಾಕಿದರೂ ಅದರ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆ. ಮಳೆಗಾಲಕ್ಕೆ ಮುನ್ನ ಅಂಗಳದಲ್ಲಿ ದೊಡ್ಡ ಹಂಡೆ ಇಟ್ಟು ಭತ್ತ ಬೇಯಿಸುತ್ತಿದ್ದ ತಾಯಂದಿರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ. ಆದರೆ ಜಪಾನಿನ ನೌಕಾಪಡೆ ಹೆಣಗಳನ್ನು ಎಣಿಸಿ ಕಲಿತ ಪಾಠ ಅವರ ಹಂಡೆಯಲ್ಲಿ ಬೇಯುತ್ತಿತ್ತು. ಹಾಗಿರುವಾಗ ಬುತ್ತಿಯ ಮುಚ್ಚಳ ಮುಚ್ಚಿಕೊಳ್ಳಬೇಕಾದವರು ಯಾರು?

ಅದೇ ನೌಕಾಪಡೆ ಬ್ರಿಟಿಷರಿಂದ ಕಲಿತ ಕರ್ರಿಯನ್ನು ತನ್ನ 1908ರ ಪಾಕಪುಸ್ತಕದಲ್ಲಿ ಸೇರಿಸಿತು. ಬ್ರಿಟಿಷರು ಅದನ್ನು ಕಲಿತದ್ದು ಭಾರತದಲ್ಲಿ. ಯೊಕೊಸುಕಾದ ಹೋಟೆಲಿನಲ್ಲಿ ಪ್ರವಾಸಿಗರು ಚಪ್ಪರಿಸುವ ಆ ತಟ್ಟೆಗೆ ನಮ್ಮ ಕಡಲತೀರದ ಮಸಾಲೆಯ ನೆಂಟಸ್ತಿಕೆ ಉಂಟು.

ಸಂಜೆಯ ಗೋಳಿಬಜೆ

ಸಂಜೆಗೆ ಗೋಳಿಬಜೆ, ಬನ್ಸ್, ಚಹಾ. ಎರಡು ತಿಂಡಿಗಳೂ ಮೈದಾದವು. ಗೋಧಿ ಕರಾವಳಿಯಲ್ಲಿ ಬೆಳೆಯದು. ಮೊಸರಿನ ಆಮ್ಲ ಮತ್ತು ಅಡುಗೆ ಸೋಡಾ ಕೂಡಿದಾಗ ಇಂಗಾಲದ ಡೈ ಆಕ್ಸೈಡ್ ಹುಟ್ಟಿ ಹಿಟ್ಟು ಉಬ್ಬುತ್ತದೆ. ಬನ್ಸಿಗೆ ಹಾಕುವ ಕಳಿತ ಬಾಳೆಹಣ್ಣಿನ ಸಕ್ಕರೆ ಬಿಸಿಗೆ ಕಂದುಬಣ್ಣ ಕೊಡುತ್ತದೆ. ಕಾವಲಿಯ ಎಣ್ಣೆ ತಾಳೆ ಎಣ್ಣೆಯಾದರೆ ಅದು ಬಹುಮಟ್ಟಿಗೆ ಇಂಡೊನೇಷ್ಯಾ, ಮಲೇಷ್ಯಾಗಳಿಂದ ಹಡಗಿನಲ್ಲಿ ಬಂದದ್ದು. ಅದರ ಕೆಳಗಿನ ಉರಿಯ ಅನಿಲವೂ ಹಡಗಿನಲ್ಲಿ ಬಂದದ್ದಿರಬಹುದು. ಅಳಿವೆಯ ಹೂಳಿನಿಂದ ದೊಡ್ಡ ಹಡಗುಗಳು ಹಳೆ ಬಂದರಿಗೆ ಬರಲಾಗದೆ 1970ರ ದಶಕದಲ್ಲಿ ಪಣಂಬೂರಿನಲ್ಲಿ ಆರಂಭವಾದ ಹೊಸ ಬಂದರು ಇಂದು ಖಾದ್ಯತೈಲ, ಅಡುಗೆ ಅನಿಲ, ಆಫ್ರಿಕಾದ ಹಸಿ ಗೇರುಬೀಜಗಳನ್ನು ಇಳಿಸಿಕೊಳ್ಳುತ್ತದೆ. ಘಟ್ಟದ ಕಾಫಿಯನ್ನು ಹೊರಗೆ ಕಳುಹಿಸುತ್ತದೆ. ಇಬ್ನ್ ಬತೂತನ ಕಾಲದ ವ್ಯವಹಾರ ನಿಂತಿಲ್ಲ. ಸರಕು ಬದಲಾಗಿದೆ, ಅಷ್ಟೇ.

ಮಕ್ಕಳು ಐಸ್‌ಕ್ರೀಮ್ ಇಲ್ಲದೆ ಮಂಗಳೂರು ಬಿಡುವುದಿಲ್ಲ. ಐಡಿಯಲ್ ಐಸ್‌ಕ್ರೀಮ್ 1975ರಲ್ಲಿ ಆರಂಭವಾಗಿ ಊರಿನ ಗುರುತೇ ಆಯಿತು. ಎತ್ತರದ ಲೋಟದಲ್ಲಿ ಬರುವ ‘ಗಡ್‌ಬಡ್’ನಲ್ಲಿ ಅಮೆರಿಕ ಖಂಡದ ವೆನಿಲಾ, ಗೇರು, ಅನಾನಸುಗಳಿಗೆ ಜಾಗವಿದೆ. ಚಾಕೊಲೇಟು ಬೇಕೆಂದರೆ 1986ರಲ್ಲಿ ಪುತ್ತೂರಿನಲ್ಲಿ ಕ್ಯಾಂಪ್ಕೊ ತೆರೆದ ಕಾರ್ಖಾನೆಯನ್ನು ನೆನೆಯಬೇಕು. ಅಮೆಜಾನ್ ಕಾಡಿನ ಕೊಕೊ ಇಂದು ನಮ್ಮ ಅಡಿಕೆ ತೋಟದ ನೆರಳಿನಲ್ಲಿ ಕಾಯಿ ಬಿಡುತ್ತಿದೆ.

ಮನೆಪಾಠ

ಇಷ್ಟಾದ ಮೇಲೆ ‘ನಮ್ಮ ಊಟ’ ಎಂದರೆ ಯಾವುದು? ಕಾಳುಮೆಣಸು, ಪುನರ್ಪುಳಿ ಇಲ್ಲಿಯವು. ಮೆಣಸಿನಕಾಯಿ, ಗೇರು, ಬಟಾಟೆ, ಕೊಕೊ ಬಂದವು. ಬಂದವು ಇಲ್ಲಿನ ಮಣ್ಣಿಗೆ, ಇಲ್ಲಿನ ಅಜ್ಜಿಯರ ಕೈಗೆ ಒಗ್ಗಿ ನಮ್ಮವಾದವು. ಬಂದರು ಊರಿನ ದೊಡ್ಡತನ ಇರುವುದು ಈ ಒಗ್ಗಿಸಿಕೊಳ್ಳುವ ಗುಣದಲ್ಲಿ. ಘಟ್ಟದಾಚೆಯಿಂದ ಓದಲು ಬಂದ ಮಕ್ಕಳೊಂದಿಗೆ ಜೋಳದ ರೊಟ್ಟಿ, ನೀರುದೋಸೆಗಳನ್ನು ಬದಲಿಸಿಕೊಂಡು ತಿನ್ನುವ ಹಾಸ್ಟೆಲಿನ ಹುಡುಗರು ಆ ಗುಣವನ್ನೇ ಮುಂದುವರಿಸುತ್ತಿದ್ದಾರೆ.

ತಂದೆತಾಯಂದಿರು ಒಂದು ರಜಾದಿನವನ್ನು ಇದಕ್ಕೆ ಕೊಡಲಿ. ಅಂಕಗಳೇನೂ ಕಡಿಮೆಯಾಗವು. ಇತಿಹಾಸ, ಭೂಗೋಳ, ರಸಾಯನಶಾಸ್ತ್ರ, ಜೀವಶಾಸ್ತ್ರ ಬೇರೆ ಬೇರೆ ಪುಸ್ತಕಗಳಲ್ಲಿದ್ದರೂ ತಟ್ಟೆಯಲ್ಲಿ ಒಟ್ಟಿಗೇ ಇರುತ್ತವೆ. ಮನೆಗೆ ಬಂದ ಮೇಲೆ ಮಕ್ಕಳು ಒಂದು ಹೊತ್ತಿನ ಊಟದ ಸಾಮಗ್ರಿಗಳನ್ನು ಬರೆದು, ಪ್ರತಿಯೊಂದರ ತವರನ್ನು ಭೂಪಟದಲ್ಲಿ ಗುರುತಿಸಲಿ. ಅಜ್ಜಿ ಇದ್ದರೆ, ಪ್ರತಿ ಅಡುಗೆಗೂ ‘ಹೀಗೇಕೆ?’ ಎಂದು ಕೇಳಿ ಉತ್ತರವನ್ನು ಬರೆದಿಡಲಿ. ಅಂದು ಬೂತಾಯಿ ಕಡಿಮೆಯಾದಂತೆ ಅಜ್ಜಿಯರ ಉತ್ತರಗಳೂ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಅವಕ್ಕೆ 61 ದಿನಗಳ ರಜೆ ಕೊಟ್ಟರೆ ಮತ್ತೆ ಹುಟ್ಟುವುದಿಲ್ಲ.